ಮಂಡೆಬಿಸಿ ಪಿಕಪ್ಪಿನಲ್ಲಿ ಕಾಪುವಿಗೆ

ಕಾರ್ಕಳದಿಂದ ಕಾಪುವಿಗೆ ಹೊರಟವರಿಗೆ ಬೆಳ್ಮಣ್‌ವರೆಗೆ ಚಿಂತೆಯಿಲ್ಲ, ಒಂದೇ ರಸ್ತೆ. ಅಲ್ಲಿಂದ ಎರಡು ದಾರಿ. ನೇರ ಹೋದರೆ ಪಡುಬಿದ್ರಿ. ಅಲ್ಲಿ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉತ್ತರಕ್ಕೆ ಎರ್ಮಾಳು, ಉಚ್ಚಿಲ, ಮೂಳೂರು ದಾಟಿದರೆ ಕಾಪು. ಬೆಳ್ಮಣ್‌ನಲ್ಲೇ ಬಲಕ್ಕೆ ತಿರುಗಿದರೆ ಶಿರ್ವ, ಮಜೂರು, ಆಮೇಲೆ ಕಾಪು. ದೂರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನಮ್ಮ ಭಾವ ಹಿಡಿಯುವುದು ಶಿರ್ವದ ದಾರಿಯನ್ನು. ಹೆದ್ದಾರಿಯಲ್ಲಿ ಲಾರಿಗಳ ಗೌಜಿ ಜಾಸ್ತಿ, ಶಿರ್ವದ ದಾರಿಯಲ್ಲಿ ನೆರಳು ಉಂಟು, ಪರಿಚಯದ ಅಂಗಡಿಗಳೂ ಉಂಟು. ಗಾಡಿ ಬಂದ್ ಬಿದ್ದರೆ ಕೂತು ಮಾತಾಡಲಿಕ್ಕೆ ಜನವಾದರೂ ಸಿಗುತ್ತಾರೆ ಅನ್ನುವುದು ಇತ್ತೀಚೆಗೆ ಸೇರಿಕೊಂಡ ಮೂರನೇ ಕಾರಣ.

ಭಾವನದ್ದು ಹಳೇ ಡೀಸೆಲ್ ಪಿಕಪ್. ಹದಿನೈದು ವರ್ಷ ದಾಟಿದೆ, ಎಫ್‌ಸಿ ಮಾಡಿಸಿ ಓಡಿಸುತ್ತಿದ್ದಾರೆ. ಮೊದಲು ಅದರಲ್ಲಿ ಮುರಕಲ್ಲು ಸಾಗಿಸುತ್ತಿದ್ದರು. ಈಗ ಎರಡು ವರ್ಷದಿಂದ ಸೀಯಾಳ. ಬೆಂಗಳೂರಿನ ಓದುಗರಿಗಾಗಿ ಹೇಳುತ್ತೇನೆ, ನೀವು ಎಳನೀರು ಅನ್ನುವುದೇ ನಮ್ಮಲ್ಲಿ ಸೀಯಾಳ. ಕಾರ್ಕಳದ ಸುತ್ತಮುತ್ತಲಿನ ತೋಟಗಳಲ್ಲಿ ಕೊಯ್ಯಿಸಿ ಕಾಪು ಪೇಟೆಯ ಅಂಗಡಿಗಳಿಗೆ, ಲೈಟ್‌ಹೌಸ್ ಹತ್ತಿರ ತಳ್ಳುಗಾಡಿಯಲ್ಲಿ ಮಾರುವವರಿಗೆ ಹಾಕುತ್ತಾರೆ. ಬೆಳಿಗ್ಗೆ ಒಂಬತ್ತರ ಒಳಗೆ ಮುಟ್ಟಿಸಬೇಕು. ತಡವಾದರೆ ಬೇರೆಯವರ ಗಾಡಿ ಬಂದು ಇಳಿಸಿ ಹೋಗಿರುತ್ತದೆ. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳ ವ್ಯಾಪಾರವೇ ವರ್ಷದ ಮುಖ್ಯ ಆದಾಯ. ಆ ಮೂರು ತಿಂಗಳು ಶುರುವಾಗುವ ಹೊತ್ತಿಗೇ ಗಾಡಿಗೆ ಈ ರೋಗ ಹಿಡಿದದ್ದು: ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್, ಮುಕ್ಕಾಲು ಗಂಟೆ ಓಡಿ ಇಂಜಿನ್ ಬಿಸಿಯಾದ ಮೇಲೆ ಬಂದ್.

ಅಕ್ಕ ಫೋನಿನಲ್ಲಿ ಹೇಳಿದಳು, "ಹೊಸ ಗಾಡಿಗೆ ಮುಂಗಡ ಕಟ್ಟಲಿಕ್ಕೆ ಬಳೆ ಸೊಸೈಟಿಯಲ್ಲಿ ಇಡುವ ಅಂತ ಇದ್ದಾರೆ ಮಾರಾಯ. ನೀನೊಮ್ಮೆ ಬಂದು ನೋಡು." ನಾನು ಮೆಕ್ಯಾನಿಕ್ ಅಲ್ಲ, ಲೆಕ್ಕ ಬರೆಯುವ ಕೆಲಸದವನು. ನೋಡಿದರೆ ನನಗೆ ಗೊತ್ತಾಗುವುದು ಎಂತ? ಆದರೆ ಎರಡು ವಾರ ರಜೆ ಬಾಕಿ ಇತ್ತು, ಕಾಪುವಿನ ಕಡಲು ನೋಡದೆ ವರ್ಷವಾಗಿತ್ತು. ಹೊರಟೆ.

ಪಿಕಪ್ಪಿನ ಮುಂದಿನ ಸೀಟಿನಿಂದ ಕಾಣುವ ಊರು ಕಾರಿನಿಂದ ಕಾಣುವುದಿಲ್ಲ. ಎತ್ತರದಲ್ಲಿ ಕೂತಿರುತ್ತೇವೆ, ಕಾಂಪೌಂಡಿನ ಆಚೆಗಿನದೆಲ್ಲ ಕಾಣುತ್ತದೆ. ಕಾರ್ಕಳ ಬಿಡುವಾಗ ಬಂಡೆಯ ಮೇಲಿನ 42 ಅಡಿಯ ಗೊಮ್ಮಟ, 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು, ತೆಂಗಿನ ತಲೆಗಳ ಮೇಲಿಂದ ಒಮ್ಮೆ ಇಣುಕುತ್ತದೆ. ಆಮೇಲೆ ನಂದಳಿಕೆ. ಮುದ್ದಣ ಹುಟ್ಟಿದ ಊರು. ಉಡುಪಿಯಲ್ಲಿ ಡ್ರಿಲ್ ಮಾಸ್ತರರಾಗಿದ್ದುಕೊಂಡು 'ರಾಮಾಶ್ವಮೇಧ' ಬರೆದ ನಂದಳಿಕೆ ಲಕ್ಷ್ಮೀನಾರಾಯಣಪ್ಪ ತೀರಿಕೊಂಡದ್ದು 1901ರಲ್ಲಿ, ಮೂವತ್ತರ ಆಸುಪಾಸಿನಲ್ಲಿ. ಕಾಪುವಿನ ದೀಪಸ್ತಂಭ ಕಟ್ಟಿದ್ದೂ ಅದೇ ವರ್ಷ. ಬೆಳ್ಮಣ್‌ನಲ್ಲಿ ರಸ್ತೆ ಬದಿಯಲ್ಲೇ ದುರ್ಗಾಪರಮೇಶ್ವರಿ ದೇವಸ್ಥಾನ. ಭಾವ ಸ್ಟಿಯರಿಂಗ್‌ನಿಂದ ಒಂದು ಕೈ ತೆಗೆದು ಎದೆ ಮುಟ್ಟಿಕೊಳ್ಳುತ್ತಾರೆ. ಶಿರ್ವ ಹತ್ತಿರವಾದಂತೆ ಮನೆಯಂಗಳಗಳಲ್ಲಿ ಮಲ್ಲಿಗೆ ಗಿಡಗಳು. ಜಿಐ ಮಾನ್ಯತೆ ಪಡೆದ ಉಡುಪಿ ಮಲ್ಲಿಗೆ ಅಂದರೆ ಇದೇ. ಕ್ರೈಸ್ತರ ಮನೆ, ಹಿಂದೂಗಳ ಮನೆ ಅಂತ ಇಲ್ಲ, ಬೆಳಗಾದರೆ ಎಲ್ಲರ ಅಂಗಳದಲ್ಲೂ ಹೂ ಕೊಯ್ಯುವ, ಬಾಳೆನಾರಿನಲ್ಲಿ ಕಟ್ಟುವ ಗಡಿಬಿಡಿ. ನಾಲ್ಕು ಚೆಂಡಿಗೆ ಒಂದು ಅಟ್ಟೆ ಲೆಕ್ಕ. ದರ ಶಂಕರಪುರದಲ್ಲಿ ದಿನಾ ನಿಗದಿಯಾಗುತ್ತದೆ. ಅಕ್ಕನ ಬಳೆಗಿಂತ ಮಲ್ಲಿಗೆ ದರವೇ ಜೋರಾಗಿ ಏರಿಳಿಯುತ್ತದೆ ಅಂತ ಭಾವನ ತಮಾಷೆ.

ತಮಾಷೆ ಮುಗಿಯುವ ಮೊದಲೇ, ಮಜೂರು ಬರುವಾಗ, ಪಿಕಪ್ ಕೆಮ್ಮಿತು. ಆಕ್ಸಿಲರೇಟರ್ ಒತ್ತಿದರೂ ಏರುವುದಿಲ್ಲ, ಒಮ್ಮೆ ನಡುಗಿತು, ನಿಂತಿತು. ಭಾವ ಗಾಡಿಯನ್ನು ಹಾಗೇ ಎಡಕ್ಕೆ ಉರುಳಿಸಿ ಹಲಸಿನ ಮರದ ನೆರಳಿಗೆ ತಂದರು. "ಇದೇ ಜಾಗ," ಅಂದರು. ಎದುರಿನ ಗೂಡಂಗಡಿಯ ಯಜಮಾನರು ಆಗಲೇ ಎರಡು ಗ್ಲಾಸ್ ಚಹಾ ಸೋಸುತ್ತಿದ್ದರು! ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್.

ಮೂರು-ನಾಲ್ಕು ಸಲ ಅಲ್ಲೇ ಆಸುಪಾಸಿನಲ್ಲಿ ನಿಂತದ್ದರಿಂದ ಊರಿನಲ್ಲಿ ಒಂದೊಂದು ಅಭಿಪ್ರಾಯ ಹುಟ್ಟಿಕೊಂಡಿತ್ತು. ಗೂಡಂಗಡಿಯವರ ಪ್ರಕಾರ ಹತ್ತಿರದಲ್ಲೇ ದೈವದ ಸ್ಥಾನ ಉಂಟು, ಒಂದು ಕಾಯಿ ಇಟ್ಟು ಹೋಗಬೇಕು. ಭಾವ ಇಟ್ಟಿದ್ದರು. ಸೀಯಾಳ ಸಾಗಿಸುವವರಿಗೆ ಕಾಯಿಯ ಖರ್ಚು ದೊಡ್ಡದಲ್ಲ. ಹೂ ಕಟ್ಟುವ ಒಬ್ಬ ಅಮ್ಮನ ಪ್ರಕಾರ ಸೆಕೆ. "ಮನುಷ್ಯರಿಗೇ ತಡೆಯುವುದಿಲ್ಲ, ಪಾಪ ಗಾಡಿ." ಅಕ್ಕನ ಪ್ರಕಾರ ಗಾಡಿಗೆ ಮಂಡೆಬಿಸಿ, ಭಾವನ ಸಹವಾಸದಿಂದ ಬಂದದ್ದು. ಬರುವಾಗ ಮಾತ್ರ ಹೆಚ್ಚಾಗಿ ನಿಲ್ಲದೆ ಮನೆ ಮುಟ್ಟುತ್ತಿತ್ತು. ಅದಕ್ಕೂ ಉತ್ತರ ತಯಾರಿತ್ತು: ಲೋಡ್ ಇಲ್ಲವಲ್ಲ.

ನಾನು ಬರುವ ಮೊದಲೇ ಒಂದು ಗ್ಯಾರೇಜಿನಲ್ಲಿ ರೇಡಿಯೇಟರ್ ತೊಳೆದಾಗಿತ್ತು, ಥರ್ಮೋಸ್ಟಾಟ್ ಬದಲಾಗಿತ್ತು, ಡೀಸೆಲ್ ಫಿಲ್ಟರ್ ಹೊಸತು ಬಿದ್ದಿತ್ತು. ಇನ್ನೊಂದು ಕಡೆ ಪಂಪ್ ಇಳಿಸಿ ಪೂರಾ ರಿಪೇರಿ ಮಾಡಿಸಬೇಕು, ಇಪ್ಪತ್ತು ಸಾವಿರದ ಮೇಲೆ ಆಗುತ್ತದೆ ಅಂದಿದ್ದರು. ಅದನ್ನು ಕೇಳಿದ ಮೇಲೆಯೇ ಬಳೆಯ ಮಾತು ಬಂದದ್ದು. ಹಳೇ ಗಾಡಿಗೆ ಇಪ್ಪತ್ತು ಸಾವಿರ ಸುರಿಯುವುದಕ್ಕಿಂತ ಕೊಟ್ಟುಬಿಡುವುದೇ ಒಳ್ಳೆಯದು ಅಂತ. ಗುಜರಿ ರೇಟಿಗೆ ತೆಗೆದುಕೊಳ್ಳುವವರೂ ಎರಡು ಸಲ ಬಂದು ಟಯರ್ ಒದ್ದು ನೋಡಿ ಹೋಗಿದ್ದರು.

ನನಗೆ ಹೆದರಿಕೆ ಆದದ್ದು ಹಣದ ವಿಷಯಕ್ಕಲ್ಲ. ಮರುದಿನ ಭಾವ ಪಡುಬಿದ್ರಿ ದಾರಿಯಲ್ಲೇ ಹೋಗಿ ನೋಡುವ ಅಂದರು. ಹೆದ್ದಾರಿಯಲ್ಲಿ ಕಾಪು ಹತ್ತಿರ ಬಂದು, ಪೇಟೆಯ ಕಡೆ ತಿರುಗಲು ನಿಧಾನ ಮಾಡುತ್ತಿದ್ದಂತೆ ಇಂಜಿನ್ ನಿಂತಿತು. ಹಿಂದೆ ಎಕ್ಸ್‌ಪ್ರೆಸ್ ಬಸ್ಸು, ಅದರ ಹಾರ್ನು ಬೆನ್ನಿಗೇ ಬಡಿಯಿತು. ಇಂಜಿನ್ ನಿಂತರೆ ಬ್ರೇಕಿಗೆ ಸಿಗುವ ವ್ಯಾಕ್ಯೂಮಿನ ಸಹಾಯ ಒಂದೆರಡು ಸಲ ಒತ್ತುವುದರೊಳಗೆ ಮುಗಿಯುತ್ತದೆ, ಪವರ್ ಸ್ಟಿಯರಿಂಗ್ ಇದ್ದರೆ ಅದೂ ಹೋಗುತ್ತದೆ. ಪೆಡಲು ಕಲ್ಲಿನ ಹಾಗೆ. ಭಾವ ಎರಡೂ ಕೈಯಲ್ಲಿ ಚಕ್ರ ಎಳೆದು, ಇದ್ದ ಓಟದಲ್ಲೇ ಎಡಬದಿಗೆ ಇಳಿಸಿದರು. ಬಸ್ಸು ದಾಟಿ ಹೋದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಹಿಂದೆ ಸೀಯಾಳದ ಗೊನೆಗಳು ಒಂದರ ಮೇಲೊಂದು ಜಾರುವ ಸದ್ದು ಮಾತ್ರ.

ಅವತ್ತು ರಾತ್ರಿ ನಾನು ಅಕ್ಕನ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆದೆ. ದಿನ, ಹೊರಟ ಹೊತ್ತು, ಓಡಿದ ಕಿಲೋಮೀಟರು, ಲೋಡು, ಬಿಸಿಲು, ಡೀಸೆಲ್ ಎಷ್ಟಿತ್ತು, ಎಲ್ಲಿ ನಿಂತಿತು. ಲೆಕ್ಕದವನಿಗೆ ಬೇರೆ ಏನು ಬರುತ್ತದೆ ಹೇಳಿ?

ಡೀಸೆಲ್ ಇಂಜಿನ್ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪೆಟ್ರೋಲ್ ಗಾಡಿಯ ಹಾಗೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಸಿಲಿಂಡರಿನಲ್ಲಿ ಹದಿನೆಂಟು-ಇಪ್ಪತ್ತರಲ್ಲಿ ಒಂದು ಪಾಲಿಗೆ ಅದುಮಿದರೆ ಅದು 500 ಡಿಗ್ರಿ ಮೀರಿ ಕಾಯುತ್ತದೆ. ಆಗ ಡೀಸೆಲ್ ಚಿಮ್ಮಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ್ದು ಇದನ್ನೇ. ಹಾಗಾಗಿ ಹಳೇ ಡೀಸೆಲ್ ಗಾಡಿ, ಅಂದರೆ ಕಂಪ್ಯೂಟರ್ ಇಲ್ಲದ್ದು, ಒಮ್ಮೆ ಓಡಲು ಶುರು ಮಾಡಿತು ಅಂದರೆ ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಡೀಸೆಲ್ ಮುಟ್ಟಬಾರದು, ಇಲ್ಲವೇ ಗಾಳಿ ಮುಟ್ಟಬಾರದು. ಮತ್ತೆ ಎಲ್ಲವೂ ಈ ಎರಡರ ಒಳಗಿನ ಕತೆ. ಹುಡುಕಬೇಕಾದದ್ದು ಡೀಸೆಲ್ ಎಲ್ಲಿ ತಪ್ಪುತ್ತದೆ ಅಂತ. ಈ ವಿಷಯ ನನಗೆ ಹೇಳಿದ್ದು ಕಾಪುವಿನ ಹಿರಿಯ ಮೇಸ್ತ್ರಿ, ಚಹಾ ಕುಡಿಯುತ್ತಾ, ಗ್ಲಾಸನ್ನೇ ಸಿಲಿಂಡರ್ ಮಾಡಿ ತೋರಿಸುತ್ತಾ.

ಅವರ ಗ್ಯಾರೇಜು ಪೇಟೆಯಿಂದ ಸ್ವಲ್ಪ ಒಳಗೆ. ತಗಡಿನ ಮಾಡು, ಮುಂದೆ ಎರಡು ತೆಂಗಿನಮರ, ನೆಲವೆಲ್ಲ ಎಣ್ಣೆ ಕುಡಿದು ಕಪ್ಪು. ಫಿಶ್ ಟೆಂಪೋಗಳೇ ಹೆಚ್ಚು ಬರುವುದು. ಮೀನಿನ ನೀರು, ಉಪ್ಪು ಗಾಳಿ ಸೇರಿ ಇಲ್ಲಿನ ಗಾಡಿಗಳ ತಳ ಘಟ್ಟದ ಮೇಲಿನ ಗಾಡಿಗಳಿಗಿಂತ ಬೇಗ ತಿಂದುಹೋಗುತ್ತದೆ ಅಂತ ಅವರ ಅನುಭವ. ಬನಿಯನ್, ಲುಂಗಿ, ಕಿವಿಯ ಮೇಲೆ ಪೆನ್ಸಿಲ್.

"ಎಂತ ಆಯ್ತು ಮಾರ್ರೆ?" ಅಂದರು.

"ಬಿಸಿ ಆದರೆ ಬಂದ್ ಬೀಳ್ತದೆ," ಅಂದರು ಭಾವ.

"ಬಿಸಿ ಅಂತ ಯಾರು ಹೇಳಿದ್ದು?"

ಭಾವನಿಗೆ ಉತ್ತರ ಹೊಳೆಯಲಿಲ್ಲ. ಎಲ್ಲರೂ ಹೇಳಿದ್ದರು.

ನಾನು ಹಾಲಿನ ಪುಸ್ತಕ ತೆಗೆದುಕೊಟ್ಟೆ. ಅಷ್ಟು ಹೊತ್ತಿಗೆ ಅದರಲ್ಲಿ ಆರು ದಿನದ ಲೆಕ್ಕ ಇತ್ತು. ಅವರು ಕನ್ನಡಕ ಹಾಕಿಕೊಂಡು ಪೆನ್ಸಿಲ್ ತೆಗೆದು ಒಂದೊಂದೇ ಸಾಲು ಓದಿದರು. ಒಂದು ದಿನ ಬೆಳಗಿನ ಜಾವ ನಾಲ್ಕೂವರೆಗೆ, ಮಂಜು ಬೀಳುವಾಗ ಹೊರಟದ್ದು. ಆದರೂ ಮಜೂರಿನಲ್ಲೇ ನಿಂತಿತ್ತು. ಇನ್ನೊಂದು ದಿನ ಮಧ್ಯಾಹ್ನ ಹನ್ನೆರಡರ ಸುಡುಬಿಸಿಲಿಗೆ ತುಂಬಿದ ಲೋಡಿನಲ್ಲಿ ಕಾಪುವಿಗೆ ಹೋಗಿ ಬಂದದ್ದು, ಎಲ್ಲೂ ನಿಂತಿರಲಿಲ್ಲ. ಮತ್ತೊಂದು ದಿನ ಅಕ್ಕನ ಕೆಲಸಕ್ಕೆ ಮಣಿಪಾಲಕ್ಕೆ ಹೋದದ್ದು, ಏರು ಹತ್ತುವಾಗ ಇಂಜಿನ್ ಕಾದು ಬಾನೆಟ್ ಮೇಲೆ ದೋಸೆ ಹೊಯ್ಯಬಹುದಿತ್ತು, ಆದರೂ ನಿಲ್ಲಲಿಲ್ಲ. ಮೇಸ್ತ್ರಿ ಡೀಸೆಲ್‌ನ ಸಾಲಿಗೆ ಬಂದು ಅಲ್ಲೇ ಪೆನ್ಸಿಲ್ ಇಟ್ಟರು. ನಿಂತ ಮೂರೂ ದಿನ ಟ್ಯಾಂಕ್ ಫುಲ್. ನಿಲ್ಲದ ಮೂರೂ ದಿನ ಅರ್ಧ, ಇಲ್ಲವೇ ಅರ್ಧಕ್ಕಿಂತ ಕಡಿಮೆ.

"ಡೀಸೆಲ್ ಯಾವಾಗ ಹಾಕಿಸ್ತೀರಿ?"

ಮೊದಲು ಕಲ್ಲು ಸಾಗಿಸುವಾಗ ಭಾವ ಐನೂರು, ಸಾವಿರ ರೂಪಾಯಿ ಹೀಗೆ ಆಗಾಗ ಹಾಕಿಸುತ್ತಿದ್ದರು. ಸೀಯಾಳದ ಅಂಗಡಿಗಳು ಲೆಕ್ಕ ಚುಕ್ತಾ ಮಾಡಲು ಶುರು ಮಾಡಿದ ಮೇಲೆ, ದುಡ್ಡು ಕೈಗೆ ಬಂದ ದಿನ ಕಾರ್ಕಳದ ಬಂಕಿನಲ್ಲಿ ಬಾಯಿವರೆಗೆ ತುಂಬಿಸುವುದು ಅಭ್ಯಾಸವಾಗಿತ್ತು.

ಮೇಸ್ತ್ರಿ ಹೂಂ ಅಂದರು, ಮತ್ತೇನೂ ಹೇಳಲಿಲ್ಲ. ನೇರವಾಗಿ ತೀರ್ಪು ಕೊಡುವ ಜಾಯಮಾನ ಅವರದ್ದಲ್ಲ. ಉಳಿದದ್ದನ್ನೆಲ್ಲ ಒಂದೊಂದಾಗಿ ಬದಿಗಿಟ್ಟ ಮೇಲೆಯೇ ಮಾತು. ಗಾಡಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರು ನೋಡಿದರು, ಸರಿ ಇತ್ತು. ಆಮೇಲೆ ಸ್ಟಾರ್ಟ್ ಮಾಡಿಸಿ ಮುಕ್ಕಾಲು ಗಂಟೆ ನಿಂತಲ್ಲೇ ಓಡಲು ಬಿಟ್ಟರು. ಟೆಂಪರೇಚರ್ ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು. ಇಂಜಿನ್ ಚೆನ್ನಾಗಿ ಕಾದ ಮೇಲೆ ಆಫ್ ಮಾಡಿಸಿ ಆ ಕ್ಷಣವೇ ಕೀ ತಿರುಗಿಸಲು ಹೇಳಿದರು. ತಟ್ಟನೆ ಹಿಡಿಯಿತು. ಮತ್ತೊಮ್ಮೆ, ಇನ್ನೊಮ್ಮೆ. ಮೂರೂ ಸಲ.

"ಪಂಪ್ ಇಳಿಸುವುದು ಬೇಡ," ಅಂದರು.

ಅದು ಹೇಗೆ ಗೊತ್ತಾಯಿತು ಅಂತ ಕೇಳಿದೆ. ಹಳೇ ಗಾಡಿಗಳ ಡೀಸೆಲ್ ಪಂಪಿನ ಒಳಗಿನ ಭಾಗಗಳು ಕೂದಲೆಳೆಗಿಂತ ಎಷ್ಟೋ ಸಣ್ಣ ಸಂದಿನಲ್ಲಿ ಕೂತಿರುತ್ತವೆ. ಸವೆದರೆ ಆ ಸಂದು ದೊಡ್ಡದಾಗುತ್ತದೆ. ತಣ್ಣಗಿನ ಡೀಸೆಲ್ ಸ್ವಲ್ಪ ದಪ್ಪ, ಹಾಗಾಗಿ ಬೆಳಿಗ್ಗೆ ಹೇಗೋ ಸುಧಾರಿಸುತ್ತದೆ. ಕಾದ ಮೇಲೆ ಡೀಸೆಲ್ ತೆಳ್ಳಗಾಗಿ ಸಂದಿನಲ್ಲೇ ಸೋರಿ ಒತ್ತಡ ಏರುವುದಿಲ್ಲ. ಬಿಸಿ ಇಂಜಿನ್ ಎಷ್ಟು ಸುತ್ತಿಸಿದರೂ ಸ್ಟಾರ್ಟ್ ಆಗುವುದಿಲ್ಲ. ಅಂಥ ಗಾಡಿಯ ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟರೆ ಸ್ಟಾರ್ಟ್ ಆಗಿಬಿಡುತ್ತದೆ. ಜ್ವರ ಬಂದ ಮಗುವಿನ ಹಣೆಗೆ ಬಟ್ಟೆ ಇಟ್ಟ ಹಾಗೆ. ಕೆಲವರು ಕೊಡದಿಂದ ತಣ್ಣೀರು ಸುರಿಯುತ್ತಾರಂತೆ, ಅದು ಅಪಾಯ: ಹೊರಮೈ ಒಮ್ಮೆಲೇ ಕುಗ್ಗಿ ಒಳಗಿನ ಭಾಗ ಕಚ್ಚಿಕೊಳ್ಳಬಹುದು. ಭಾವನ ಗಾಡಿಗೆ ಬಟ್ಟೆಯ ಅಗತ್ಯವೇ ಬೀಳಲಿಲ್ಲ. ಕಾದಾಗಲೂ ಒಂದೇ ಸೆಲ್ಫಿಗೆ ಹಿಡಿಯುತ್ತಿತ್ತು.

ಪಂಪಿನ ಮೇಲೆ ಹೆಬ್ಬೆರಳಿನಷ್ಟು ಒಂದು ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದರೆ ಅದು ಟಿಕ್ ಅಂತ ತೆರೆದುಕೊಂಡು ಡೀಸೆಲ್ ಬಿಡುತ್ತದೆ, ಆಫ್ ಮಾಡಿದರೆ ಮುಚ್ಚುತ್ತದೆ. ಅದರ ಸುರುಳಿ ಬಿಸಿಗೆ ಕೈಕೊಟ್ಟರೂ ಗಾಡಿ ಹೀಗೇ ನಿಲ್ಲುತ್ತದೆ, ತಣಿದ ಮೇಲೆ ಹೀಗೇ ಓಡುತ್ತದೆ. ಮೇಸ್ತ್ರಿ ಕೀಯಿಂದ ಬರುವ ವಯರಿಗೆ ಒಂದು ಪುಟ್ಟ ಬಲ್ಬು ಜೋಡಿಸಿ ಡ್ಯಾಶ್‌ಬೋರ್ಡಿಗೆ ಕಟ್ಟಿದರು. "ಗಾಡಿ ನಿಂತಾಗ ಬಲ್ಬು ಉರೀತಾ ಇದ್ದರೆ ವಯರಿನದ್ದು ತಪ್ಪಿಲ್ಲ." ಆಮೇಲೆ ಹ್ಯಾಂಡ್ ಪಂಪ್ ಒತ್ತಿ, ಪೈಪಿನ ಜೋಡಣೆಗಳಲ್ಲಿ ಡೀಸೆಲ್ ಜಿನುಗುತ್ತದಾ, ಗುಳ್ಳೆ ಬರುತ್ತದಾ ನೋಡಿದರು. ಅಲ್ಲಿಯೂ ಏನೂ ಸಿಗಲಿಲ್ಲ. ಕತ್ತಲಾಗುತ್ತಾ ಬಂತು. "ನಾಳೆ ಬನ್ನಿ. ಫುಲ್ ಟ್ಯಾಂಕ್ ಮಾಡಿಯೇ ನೋಡುವ. ರೋಗ ಬಂದಾಗಲೇ ಡಾಕ್ಟ್ರು ಪಕ್ಕದಲ್ಲಿರಬೇಕು."

ಅವರು ಪರೀಕ್ಷೆ ನಡೆಸುತ್ತಿದ್ದ ಆ ಮುಕ್ಕಾಲು ಗಂಟೆಯಲ್ಲಿ ನಾನು ಕಡಲಿಗೆ ಹೋಗಿ ಬಂದಿದ್ದೆ. ಹೋಗುವ ದಾರಿಯಲ್ಲೇ ಹೊಸ ಮಾರಿಗುಡಿ. ಇಳಕಲ್ಲಿನ ಕೆಂಪು ಶಿಲೆಯಲ್ಲಿ ಹೊಸದಾಗಿ ಎದ್ದು 2025ರಲ್ಲಿ ಬ್ರಹ್ಮಕಲಶ ಕಂಡದ್ದು. ಸಂಜೆ ಬೆಳಕಿಗೆ ಆ ಕಲ್ಲು ಕೆಂಡದ ಹಾಗೆ ಕಾಣುತ್ತದೆ. ಕಾಪುವಿನಲ್ಲಿ ಮಾರಿಗುಡಿ ಒಂದಲ್ಲ, ಮೂರು. ಮಾರಿಪೂಜೆಯೂ ವರ್ಷಕ್ಕೆ ಮೂರು ಸಲ, ಸುಗ್ಗಿ, ಆಟಿ, ಜಾರ್ದೆ. ಸುಗ್ಗಿ ಮಾರಿಪೂಜೆಯ ಮಂಗಳವಾರ, ಬುಧವಾರ ಊರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಭಾವನ ಪಾಲಿಗೆ ಅದು ಸೀಯಾಳದ ದೊಡ್ಡ ಹಬ್ಬ. ಆ ಎರಡು ದಿನ ಗಾಡಿ ಕೈಕೊಟ್ಟರೆ ಆ ವರ್ಷದ ಗಿರಾಕಿಗಳು ಹೋದ ಹಾಗೆ. ಹಬ್ಬಕ್ಕೆ ಹತ್ತೇ ದಿನ ಉಳಿದಿತ್ತು.

ದೀಪಸ್ತಂಭ ನಿಂತಿರುವುದು ದಡದ ದೊಡ್ಡ ಬಂಡೆಯ ಮೇಲೆ. ಬುಡಕ್ಕೆ ಹೋಗಲು ಕಲ್ಲಿನ ಮೆಟ್ಟಿಲು, ಆಮೇಲೆ ಒಳಗಿನ ಸುತ್ತು ಮೆಟ್ಟಿಲು. ಎತ್ತರ ಸುಮಾರು 27 ಮೀಟರು. ಸಂಜೆ ಹೊತ್ತು ಟಿಕೆಟ್ ಕೊಟ್ಟು ಮೇಲೆ ಬಿಡುತ್ತಾರೆ. ಕೊನೆಯ ಇಕ್ಕಟ್ಟಿನ ಏಣಿ ಹತ್ತಿ ಹೊರಗೆ ಕಾಲಿಟ್ಟರೆ ಗಾಳಿ ಮುಖಕ್ಕೆ ಹೊಡೆಯುತ್ತದೆ. ಪಡುವಣಕ್ಕೆ ನೀರೇ ನೀರು. ಉತ್ತರ, ದಕ್ಷಿಣಕ್ಕೆ ಮರಳಿನ ಪಟ್ಟಿ, ಅದರ ಹಿಂದೆ ತೆಂಗಿನ ಪಟ್ಟಿ, ಮರಳಿನ ಮೇಲೆ ಎಳೆದಿಟ್ಟ ದೋಣಿಗಳು. ಮೂಡಣಕ್ಕೆ ತಿರುಗಿದರೆ ಹೆದ್ದಾರಿ ಎಲ್ಲಿದೆ ಅಂತ ಹಾರ್ನಿನ ಸದ್ದಿನಿಂದ ಮಾತ್ರ ಅಂದಾಜು; ಆಚೆ ಮಬ್ಬಿನಲ್ಲಿ ಘಟ್ಟ. ಈ ಕಡಲಿನಲ್ಲಿ ಬಂಡೆಗಳು ಅಲ್ಲಲ್ಲಿ ತಲೆಯೆತ್ತಿಕೊಂಡಿವೆ, ನೀರಿನ ಅಡಿಯಲ್ಲಿ ಇನ್ನೂ ಎಷ್ಟೋ. ದೀಪ ಇಲ್ಲೇ ಯಾಕೆ ಅಂತ ಯಾರೂ ವಿವರಿಸಬೇಕಾಗಿಲ್ಲ. ಕೆಳಗೆ ಬಂದಾಗ ತಳ್ಳುಗಾಡಿಯ ಹುಡುಗ ಸೀಯಾಳ ಕೆತ್ತುತ್ತಿದ್ದ. ನಮ್ಮ ಭಾವನದ್ದೇ ಕಾಯಿ. ಪೂರ್ತಿ ದುಡ್ಡು ಕೊಟ್ಟೇ ಕುಡಿದೆ.

ಮರುದಿನ ಬೆಳಿಗ್ಗೆ ಲೋಡ್ ಇಳಿಸಿ, ಕಾಪುವಿನ ಬಂಕಿನಲ್ಲಿ ಬಾಯಿವರೆಗೆ ಡೀಸೆಲ್ ತುಂಬಿಸಿ, ಮೂವರೂ ಹೊರಟೆವು. ಮೇಸ್ತ್ರಿ ಕಿಟಕಿ ಬದಿ, ನಾನು ನಡುವೆ ಗೇರಿನ ಪಕ್ಕ ಮೊಣಕಾಲು ಮಡಚಿ. ಪಡುಬಿದ್ರಿವರೆಗೆ ಹೆಚ್ಚುಕಡಿಮೆ ಹತ್ತು ಕಿಲೋಮೀಟರು. ಮುಂದೆ ಹೆಜಮಾಡಿಯಲ್ಲಿ ಟೋಲ್. ಸುಮ್ಮನೆ ಓಡಿಸಿ ನೋಡಲಿಕ್ಕೆ ಟೋಲ್ ಯಾಕೆ ಕೊಡಬೇಕು ಅಂತ ಭಾವ ಪಡುಬಿದ್ರಿಯಲ್ಲೇ ತಿರುಗಿಸಿದರು. ಕಾಪುವಿಗೆ ವಾಪಸು. ಮತ್ತೆ ಪಡುಬಿದ್ರಿ ಕಡೆಗೆ. ಉಚ್ಚಿಲದ ಮಹಾಲಕ್ಷ್ಮಿ ದೇವಸ್ಥಾನಕ್ಕೆ ಬೆಳಗಿನಿಂದ ಮೂರು ಸಲ ಕೈಮುಗಿದಾಯಿತು. ಮೂರನೇ ಸಲ ದಾಟಿ ಎರ್ಮಾಳು ಬರುವಾಗ ಗಾಡಿ ಕೆಮ್ಮಿತು. ನಡುಗಿತು. ನಿಂತಿತು. ಮೀಟರ್ ನೋಡಿದೆ, ಬಂಕಿನಿಂದ 28 ಕಿಲೋಮೀಟರು. ಕಾರ್ಕಳದ ಬಂಕಿನಿಂದ ಮಜೂರಿಗೂ ಹೆಚ್ಚುಕಡಿಮೆ ಅಷ್ಟೇ. ಡ್ಯಾಶ್‌ಬೋರ್ಡಿನ ಪುಟ್ಟ ಬಲ್ಬು ಉರಿಯುತ್ತಲೇ ಇತ್ತು.

ಭಾವ ಅಭ್ಯಾಸಬಲದಿಂದ ಬಾನೆಟ್ ಕಡೆ ಹೋದರು. "ಅಲ್ಲಿ ಬೇಡ, ಇಲ್ಲಿ ಬನ್ನಿ," ಅಂದರು ಮೇಸ್ತ್ರಿ. ಹಿಂದೆ ನಡೆದು ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿ ನಿಧಾನಕ್ಕೆ ತಿರುಗಿಸಿದರು.

ಉಸ್ಸ್...

ಟ್ಯಾಂಕ್ ಗಾಳಿ ಎಳೆದುಕೊಂಡಿತು. ಹೊತ್ತು ಕಟ್ಟಿಹಿಡಿದ ಉಸಿರನ್ನು ಒಮ್ಮೆಲೇ ಸೆಳೆದುಕೊಂಡ ಹಾಗೆ, ರಸ್ತೆಯ ಗೌಜಿಯಲ್ಲೂ ಕೇಳಿಸುವಷ್ಟು. "ಈಗ ಹೊಡೀರಿ ಸೆಲ್ಫು." ಇಪ್ಪತ್ತು ನಿಮಿಷ ಕಾಯಲಿಲ್ಲ, ಇಂಜಿನ್ ಒಂದಿಷ್ಟೂ ತಣಿದಿರಲಿಲ್ಲ. ಎರಡು ಸುತ್ತು ಸುತ್ತಿ ಗಾಡಿ ಸ್ಟಾರ್ಟ್ ಆಯಿತು.

ಮುಚ್ಚಳದ ಒಳಬದಿಯಲ್ಲಿ, ರಬ್ಬರ್ ವಾಷರಿನ ಅಡಿಗೆ, ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ. ಡೀಸೆಲ್ ಖಾಲಿಯಾದಷ್ಟು ಜಾಗಕ್ಕೆ ಹೊರಗಿನ ಗಾಳಿ ಹೋಗಲಿ ಅಂತ. ಕಲ್ಲಿನ ಕೋರೆಗಳಲ್ಲಿ ವರ್ಷಗಟ್ಟಲೆ ತಿರುಗಿದ ಗಾಡಿಯಲ್ಲವೇ, ಮುರಕಲ್ಲಿನ ಕೆಂಪು ಧೂಳು ಡೀಸೆಲ್ ಜೊತೆ ಸೇರಿ ಆ ತೂತಿನಲ್ಲಿ ಗಾರೆಯ ಹಾಗೆ ಕೂತಿತ್ತು. ಮೇಸ್ತ್ರಿ ಪಿನ್ನಿನಿಂದ ಕೆದಕಿ ನನ್ನ ಅಂಗೈಗೆ ಉದುರಿಸಿದರು. ಕುಂಕುಮದಷ್ಟು.

ಇನ್ನು ಲೆಕ್ಕದ ಭಾಗ, ಅದು ನನ್ನ ಇಷ್ಟದ್ದು. ಭಾವನ ಟ್ಯಾಂಕ್ ಸುಮಾರು 55 ಲೀಟರಿನದ್ದು. ಗಾಡಿ ಲೀಟರಿಗೆ ಹತ್ತು-ಹನ್ನೊಂದು ಕಿಲೋಮೀಟರ್ ಕೊಡುತ್ತದೆ. 28 ಕಿಲೋಮೀಟರಿಗೆ ಎರಡೂವರೆ ಲೀಟರ್ ಮೇಲೆ ಖರ್ಚು. ಬಾಯಿವರೆಗೆ ತುಂಬಿಸಿದಾಗ ಮೇಲೆ ಉಳಿಯುವ ಗಾಳಿಯೂ ಎರಡು-ಮೂರು ಲೀಟರು ಇದ್ದೀತು. ಅಷ್ಟೇ ಗಾಳಿ ಈಗ ಎರಡರಷ್ಟು ಜಾಗಕ್ಕೆ ಹರಡಿಕೊಳ್ಳಬೇಕು, ಅಂದರೆ ಅದರ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಮುಂದಿನಿಂದ ಪಂಪ್ ಎಳೆಯುತ್ತದೆ, ಹಿಂದಿನಿಂದ ಟ್ಯಾಂಕ್ ಬಿಡುವುದಿಲ್ಲ. ಅದೇ ಅರ್ಧ ಟ್ಯಾಂಕ್ ಇದ್ದಾಗ ಮೇಲೆ ಇಪ್ಪತ್ತೇಳು ಲೀಟರ್ ಗಾಳಿ. ಅದರಲ್ಲಿ ಮೂರು ಲೀಟರ್ ಜಾಗ ಹೆಚ್ಚಾದರೆ ಒತ್ತಡ ಹತ್ತರಲ್ಲಿ ಒಂದು ಪಾಲು ಇಳಿದೀತು, ಗಾಡಿಗೆ ಗೊತ್ತೇ ಆಗುವುದಿಲ್ಲ. ನಿಂತ ಇಪ್ಪತ್ತು ನಿಮಿಷದಲ್ಲಿ ವಾಷರಿನ ಸಂದಿನಿಂದ ಚೂರುಚೂರು ಗಾಳಿ ಒಳಗೆ ನುಸುಳುತ್ತಿತ್ತು, ನಾವು ಇಂಜಿನ್ ತಣಿಯಿತು ಅಂದುಕೊಂಡು ಹೊರಡುತ್ತಿದ್ದೆವು. ಬರುವಾಗ ನಿಲ್ಲದಿದ್ದುದು ಲೋಡ್ ಇಲ್ಲದ್ದರಿಂದ ಅಲ್ಲ, ಅಷ್ಟರಲ್ಲಿ ಟ್ಯಾಂಕಿನಲ್ಲಿ ಜಾಗ ಆಗಿರುತ್ತಿತ್ತು. ಗ್ಯಾರೇಜಿನಲ್ಲಿ ಮುಕ್ಕಾಲು ಗಂಟೆ ಓಡಿಸಿದಾಗ ನಿಲ್ಲದಿದ್ದುದೂ ಅದಕ್ಕೇ. ನಿಂತಲ್ಲಿ ಓಡುವ ಇಂಜಿನ್ ಡೀಸೆಲ್ ಕುಡಿಯುವುದೇ ಚೂರು. ಗಾಡಿ ನಿಂತ ಜಾಗಕ್ಕೆ ಹೋಗದೆ, ಎಳೆದುಕೊಂಡು ಬಂದ ಮೇಲೆ ನೋಡುವ ಗ್ಯಾರೇಜಿನವರಿಗೆ ಇದು ಸಿಗುವುದು ಕಷ್ಟವೇ.

ಮನೆಯಲ್ಲಿ ಅಕ್ಕನಿಗೆ ಇಷ್ಟೆಲ್ಲ ಹೇಳಬೇಕಾಗಲಿಲ್ಲ. "ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಬೀಳ್ತದಾ? ಎರಡು ಹೊಡೀಬೇಕು," ಅಂದಳು. ಅಷ್ಟೇ ವಿಷಯ.

ಹಳೇ ಡೀಸೆಲ್ ಗಾಡಿ ಇಟ್ಟುಕೊಂಡವರು ಈ ಪುಟಕ್ಕೆ ಆಗಾಗ ಬರೆಯುತ್ತಾರೆ, ಅವರಿಗಾಗಿ ಒಂದೆರಡು ಮಾತು. ಗಾಡಿ ನಿಂತ ಕೂಡಲೇ ಎಡಕ್ಕೆ ತನ್ನಿ, ನಾಲ್ಕೂ ಇಂಡಿಕೇಟರ್ ಹಾಕಿ. ಬ್ರೇಕನ್ನು ಪದೇ ಪದೇ ತುಳಿಯದೆ ಒಮ್ಮೆ ಒತ್ತಿ ಹಿಡಿಯಿರಿ. ಆಮೇಲೆ ಡೀಸೆಲ್ ಮುಚ್ಚಳ ತಿರುಗಿಸಿ ಕಿವಿಗೊಡಿ, ಹತ್ತಿರ ಯಾರೂ ಬೀಡಿ ಸೇದುತ್ತಿರಬಾರದು. ಉಸಿರೆಳೆದ ಸದ್ದು ಬಂದು ಗಾಡಿ ತಕ್ಷಣ ಹಿಡಿದರೆ ಮುಚ್ಚಳವೇ ಕಳ್ಳ. ಸದ್ದಿಲ್ಲದಿದ್ದರೆ ಬೇರೆ ಕಡೆ ಹುಡುಕಬೇಕು. ಟೆಂಪರೇಚರ್ ಮುಳ್ಳು ನಿಜವಾಗಿಯೂ ಮೇಲೆ ಹೋಗಿದ್ದರೆ ಅದು ಬೇರೆಯೇ ರೋಗ, ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಮುಟ್ಟಬೇಡಿ. ಹೊಸ ಮುಚ್ಚಳ ಕೊಳ್ಳುವಾಗಲೂ ನೋಡಿ ಕೊಳ್ಳಿ. ಕೀ ಹಾಕುವ ಅಗ್ಗದ ಮುಚ್ಚಳಗಳಲ್ಲಿ ಗಾಳಿಯ ತೂತು ಇಲ್ಲದವೂ ಬರುತ್ತವೆ ಅಂತ ಮೇಸ್ತ್ರಿ ಎಚ್ಚರಿಸಿದರು. ಜೊತೆಗೆ, ಭಾವನ ಪಂಪ್ ಹೊಸತೇನಲ್ಲ, ಇನ್ನೆರಡು ವರ್ಷದಲ್ಲಿ ಅದರ ಸರದಿಯೂ ಬರುತ್ತದೆ ಅಂತಲೂ ಹೇಳಿದರು. ಬಂದಾಗ ಒದ್ದೆ ಬಟ್ಟೆ ಹಿಡಿದುಕೊಂಡು ಬನ್ನಿ ಅಂತ.

ದುಡ್ಡು ಎಷ್ಟು ಅಂದದ್ದಕ್ಕೆ ಬಲ್ಬಿನ ಕ್ರಯ, ಅರ್ಧ ದಿನದ ಕೂಲಿ ಅಂತ ಲೆಕ್ಕ ಹಾಕಿದರು, ಸಾವಿರದೊಳಗೆ. ಭಾವ ಮೇಲಿಂದ ಒಂದು ಗೊನೆ ಸೀಯಾಳ ಇಳಿಸಿದರು, ಅದಕ್ಕೆ ಅವರು ಬೇಡ ಅನ್ನಲಿಲ್ಲ. ಗುಜರಿಯವರಿಗೆ ಫೋನ್ ಹೋಯಿತು, ಗಾಡಿ ಕೊಡುವುದಿಲ್ಲ ಅಂತ. ಬಳೆ ಅಕ್ಕನ ಕೈಯಲ್ಲೇ ಉಂಟು.

ಸುಗ್ಗಿ ಮಾರಿಪೂಜೆಯ ಮಂಗಳವಾರ ನಾನು ಬೆಂಗಳೂರಿಗೆ ವಾಪಸಾಗಿದ್ದೆ. ಹಾಲಿನ ಪುಸ್ತಕದ ಹಿಂದಿನ ಪುಟದ ಫೋಟೋ ಅಕ್ಕ ವಾಟ್ಸಾಪಿನಲ್ಲಿ ಕಳಿಸಿದಳು. ಭಾವನ ಅಕ್ಷರ: ಫುಲ್ ಟ್ಯಾಂಕ್, ಫುಲ್ ಲೋಡ್, ಎರಡು ಟ್ರಿಪ್, ಸಖತ್ ಬಿಸಿಲು. 'ಎಲ್ಲಿ ನಿಂತಿತು' ಅನ್ನುವ ಕಡೆ ಮಜೂರು ಅಂತ ಬರೆದು, ಪಕ್ಕದಲ್ಲಿ ಸಣ್ಣದಾಗಿ, ಚಹಾಕ್ಕೆ.